ಈ ಗೋಡೆ ಯಾರಿಗೆ ಹೆದರಿ ಕಟ್ಟಿದ್ದು?

(ಬಡಾವಣೆಯ ಗ್ರಂಥಾಲಯದಲ್ಲಿ ಯೂರೋಪಿನ ಹಳೆಯ ಊರು, ಕೋಟೆಗಳ ಬಗ್ಗೆ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಯೂರೋಪಿನ ಕೋಟೆ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್. ಹೆಸರು ಗೊತ್ತಿಲ್ಲದವರೂ ಚಿತ್ರ ನೋಡಿರುತ್ತಾರೆ. ಬೆಟ್ಟದ ತುದಿಯಲ್ಲಿ ಬಿಳಿ ಗೋಡೆ, ಚೂಪು ಗೋಪುರಗಳು, ಹಿಂದೆ ಹಿಮದ ಪರ್ವತ. ಚೆನ್ನಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಕೆಲಸ ಶುರುವಾಗಿದ್ದು 1869ರಲ್ಲಿ. ಆ ಹೊತ್ತಿಗೆ ಯೂರೋಪಿನಲ್ಲಿ ರೈಲು ಓಡುತ್ತಿತ್ತು. ಫಿರಂಗಿಯ ಮುಂದೆ ಇಂಥ ಗೋಡೆ ಅರ್ಧ ದಿನವೂ ನಿಲ್ಲುತ್ತಿರಲಿಲ್ಲ. ಕಟ್ಟಿಸಿದ ಬವೇರಿಯಾದ ದೊರೆ ಎರಡನೇ ಲುಡ್ವಿಗ್‌ಗೆ ಹಳೆಯ ಕಾಲದ ಕನಸು. ಒಳಗೆ ಮಾತ್ರ ಬಿಸಿಗಾಳಿಯ ವ್ಯವಸ್ಥೆ, ನಲ್ಲಿ ನೀರು, ಫ್ಲಶ್ ಇರುವ ಶೌಚಾಲಯ ಎಲ್ಲ ಇದ್ದವು. 1886ರಲ್ಲಿ ಆತ ಸತ್ತ. ಕೆಲವೇ ವಾರಗಳಲ್ಲಿ ಟಿಕೆಟ್ ಇಟ್ಟು ಜನರನ್ನು ಒಳಗೆ ಬಿಟ್ಟರು.

ಹಾಗಾಗಿ ಆ ಕೋಟೆ ಯಾರಿಗೂ ಹೆದರಿ ಕಟ್ಟಿದ್ದಲ್ಲ. ಕೋಟೆ ನೋಡಲು ಹೋದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆಯೇ ಇದು: ಈ ಗೋಡೆ ಯಾರಿಗೆ ಹೆದರಿ ಕಟ್ಟಿದ್ದು? ಗೋಡೆ ದಪ್ಪ ಇದ್ದಷ್ಟೂ ಹೆದರಿಕೆ ದೊಡ್ಡದು. ಯಾರ ಹೆದರಿಕೆ, ಯಾರ ದುಡ್ಡು, ಯಾರ ಜಾಗ ಅಂತ ಕೇಳುತ್ತಾ ಹೋದರೆ ಕಲ್ಲು ತಾನಾಗಿ ಮಾತಾಡುತ್ತದೆ. ಇವತ್ತು ನಾನು ಹೇಳುವುದು ಒಂದೇ ಮೂಲೆಯ ಬಗ್ಗೆ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್, ಅದರಲ್ಲೂ ಹೆಚ್ಚಾಗಿ ಉತ್ತರ ವೇಲ್ಸ್. ನಮ್ಮವರು ಲಂಡನ್ ನೋಡಿ, ಅಲ್ಲಿಂದ ಪ್ಯಾರಿಸ್‌ಗೆ ರೈಲು ಹತ್ತಿಬಿಡುತ್ತಾರೆ. ವೇಲ್ಸ್‌ಗೆ ಹೋಗುವವರು ಕಡಿಮೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. 13ನೇ ಶತಮಾನದಲ್ಲಿ ವೇಲ್ಸ್‌ಗೆ ತನ್ನದೇ ಭಾಷೆ, ತನ್ನದೇ ಕಾನೂನು, ತನ್ನದೇ ರಾಜರು ಇದ್ದರು. ಪಕ್ಕದ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಎರಡು ಯುದ್ಧ ಮಾಡಿ ಅದನ್ನು ಗೆದ್ದ. 1282ರ ಡಿಸೆಂಬರಿನಲ್ಲಿ ವೇಲ್ಸ್‌ನ ದೊರೆ ಲಿವೆಲಿನ್ ಕೊಲೆಯಾದ. ಅವನ ತಲೆಯನ್ನು ಲಂಡನ್ನಿಗೆ ಕಳಿಸಿ ಜನರ ಕಣ್ಣಿಗೆ ಬೀಳುವಂತೆ ಇಟ್ಟರು. ಮರುವರ್ಷ ಅವನ ತಮ್ಮನನ್ನೂ ಹಿಡಿದು ಕೊಂದರು. ಗೆದ್ದದ್ದು ಕೈಯಲ್ಲಿ ಉಳಿಯಬೇಕಲ್ಲ? ಅದಕ್ಕೆ ಎಡ್ವರ್ಡ್ ಕಡಲ ಅಂಚಿಗೆ ಕೋಟೆಗಳ ಸರಣಿಯನ್ನೇ ಕಟ್ಟಿಸಿದ. ಅವುಗಳಲ್ಲಿ ಕಾನ್ವಿ, ಕರ್ನಾರ್ವನ್, ಹಾರ್ಲೆಕ್, ಬೊಮಾರಿಸ್ ಈ ನಾಲ್ಕು 1986ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಎಲ್ಲವೂ ನೀರಿನ ಪಕ್ಕದಲ್ಲೇ ಯಾಕೆ? ಸುತ್ತಲ ಜನ ತಿರುಗಿಬಿದ್ದರೆ ರಸ್ತೆಯಲ್ಲಿ ಊಟ, ಆಯುಧ ಬರುವುದಿಲ್ಲ. ಹಡಗಿನಲ್ಲಿ ಬರುತ್ತದೆ. ಜಾಗ ಆರಿಸಿದ್ದರಲ್ಲೇ ಹೆದರಿಕೆ ಕಾಣುತ್ತದೆ, ಅಲ್ವಾ?

ಕಾನ್ವಿಯಿಂದ ಶುರು ಮಾಡೋಣ. ರೈಲಿನಲ್ಲಿ ಬಂದರೆ ಊರು ಸೇರುವ ಮೊದಲೇ ಕೋಟೆ ಎದುರಾಗುತ್ತದೆ. ಹಳಿ ಕೋಟೆಯ ಬುಡವನ್ನು ಸವರಿಕೊಂಡೇ ಹೋಗುತ್ತದೆ. ದಪ್ಪ ದಪ್ಪ ಎಂಟು ಬುರುಜುಗಳು. ಊರಿನ ಸುತ್ತ 1.3 ಕಿಲೋಮೀಟರ್ ಗೋಡೆ, ಅದಕ್ಕೆ 21 ಬುರುಜು, ಮೂರು ಹೆಬ್ಬಾಗಿಲು. ಇದೆಲ್ಲ ಆಗಿದ್ದು 1283ರಿಂದ 1287ರ ಒಳಗೆ. ನಾಲ್ಕೇ ವರ್ಷ! ಗೋಡೆಯ ಮೇಲೆ ಹತ್ತಿ ನಡೆಯಬಹುದು, ಅದಕ್ಕೆ ಟಿಕೆಟ್ ಇಲ್ಲ. ಮೇಲಿಂದ ನೋಡಿದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಬೆಟ್ಟ, ಕೆಳಗೆ ಜನರ ಹಿತ್ತಿಲು, ಒಣಗಲು ಹಾಕಿದ ಬಟ್ಟೆ.

ಖರ್ಚು ಸುಮಾರು 15,000 ಪೌಂಡ್. ಇದು ಎಷ್ಟು ದುಡ್ಡು ಅಂತ ಹೇಗೆ ತಿಳಿಯುವುದು? ಕೆಲಸದ ಮೇಲ್ವಿಚಾರಣೆ ಮಾಡಿದವನು ಮಾಸ್ಟರ್ ಜೇಮ್ಸ್ ಆಫ್ ಸೇಂಟ್ ಜಾರ್ಜ್. ಆಲ್ಪ್ಸ್ ಪರ್ವತದ ಕಡೆಯ ಸವಾಯ್ ಎಂಬ ನಾಡಿನಿಂದ ಬಂದವನು. ಅವನ ಕೂಲಿ ದಿನಕ್ಕೆ ಮೂರು ಶಿಲ್ಲಿಂಗ್, ಆ ಕಾಲಕ್ಕೆ ತುಂಬಾ ದೊಡ್ಡ ಸಂಬಳ. ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್. ಲೆಕ್ಕ ಹಾಕಿ ನೋಡಿ. ಆ ಸಂಬಳದಲ್ಲಿ ಒಂದು ದಿನವೂ ರಜೆ ಇಲ್ಲದೆ ಇನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದರೆ 15,000 ಪೌಂಡ್ ಆಗುತ್ತದೆ. ಅಂಥ ನಾಲ್ಕಾರು ಕೋಟೆಗಳು ಒಟ್ಟಿಗೆ ಏಳುತ್ತಿದ್ದವು.

ಕಾನ್ವಿ ಕೋಟೆ ಇರುವ ಜಾಗ ಖಾಲಿ ಇರಲಿಲ್ಲ. ಅಲ್ಲೊಂದು ಕ್ರೈಸ್ತ ಮಠ ಇತ್ತು. ವೇಲ್ಸ್‌ನವರು ಮಹಾನ್ ಅಂತ ಕರೆಯುವ ಹಿಂದಿನ ಲಿವೆಲಿನ್ ದೊರೆಯನ್ನು ಮಣ್ಣು ಮಾಡಿದ್ದು ಅದೇ ಮಠದಲ್ಲಿ. ಎಡ್ವರ್ಡ್ ಆ ಸನ್ಯಾಸಿಗಳನ್ನು ಹೊಳೆಯ ಮೇಲುಭಾಗದ ಇನ್ನೊಂದು ಊರಿಗೆ ಎಬ್ಬಿಸಿ ಕಳಿಸಿದ. ಸೋತವರ ರಾಜರ ಸಮಾಧಿ ಇದ್ದಲ್ಲೇ ತನ್ನ ಕೋಟೆ ಕಟ್ಟಿದ. ಆಮೇಲೆ ಗೋಡೆಯೊಳಗಿನ ಊರಿಗೆ ಇಂಗ್ಲೆಂಡಿನಿಂದ ಜನರನ್ನು ಕರೆಸಿ ನಿವೇಶನ ಕೊಟ್ಟ. ವ್ಯಾಪಾರದ ಹಕ್ಕು ಅವರದ್ದು. ಹೊರಗಿನ ಹಳ್ಳಿಗಳು ವೆಲ್ಷ್ ಜನರದ್ದು. 15ನೇ ಶತಮಾನದ ಮೊದಲಲ್ಲಿ ಬಂದ ಕಾನೂನುಗಳಂತೂ ಇಂಥ ಪಟ್ಟಣಗಳಲ್ಲಿ ವೆಲ್ಷ್ ಜನ ಜಮೀನು ಕೊಳ್ಳುವಂತಿಲ್ಲ ಅಂತ ನೇರವಾಗಿಯೇ ಹೇಳಿದವು. ಗೋಡೆಯ ಮೇಲೆ ಫೋಟೋ ತೆಗೆಯುವಾಗ ಇದು ಗೊತ್ತಿರಲಿ. ಚಂದ ಕಡಿಮೆ ಆಗುವುದಿಲ್ಲ.

ದಕ್ಷಿಣದ ಗೋಡೆಯಲ್ಲಿ ಒಂದು ವಿಶೇಷ ಇದೆ. ಗೋಡೆಯಿಂದ ಹೊರಗೆ ಚಾಚಿದ ಹನ್ನೆರಡು ಕಲ್ಲಿನ ಗೂಡುಗಳು, ಸಾಲಾಗಿ. ಏನಿರಬಹುದು ಹೇಳಿ? ಎಣ್ಣೆ ಸುರಿಯುವ ಕಿಂಡಿ ಅಂತ ತುಂಬಾ ಜನ ಊಹಿಸುತ್ತಾರೆ. ಅವು ಕಕ್ಕಸುಗಳು. ರಾಜನ ಕಚೇರಿಯ ನೌಕರರಿಗೆ ಅಂತ ಮಾಡಿದ್ದು. 700 ವರ್ಷ ಕಳೆದರೂ ಗಟ್ಟಿಮುಟ್ಟಾಗಿವೆ. ಸಿಂಹಾಸನ, ಕಿರೀಟಕ್ಕಿಂತ ನನಗೆ ಇಂಥವು ಇಷ್ಟ. ಒಂದು ಕೋಟೆಯಲ್ಲಿ ಎಷ್ಟು ಜನ, ಹೇಗೆ ಬದುಕಿದರು ಅಂತ ಇವುಗಳಿಂದಲೇ ತಿಳಿಯುವುದು.

ಇಷ್ಟೆಲ್ಲ ಗಟ್ಟಿ ಮಾಡಿದ್ದು ಕೆಲಸಕ್ಕೆ ಬಂತಾ? 1294ರಲ್ಲಿ ಮಾಡೋಗ್ ಎಂಬುವನ ಮುಂದಾಳತ್ವದಲ್ಲಿ ವೆಲ್ಷ್ ಜನ ದಂಗೆ ಎದ್ದರು. ಅಡಗಿಸಲು ಬಂದ ಎಡ್ವರ್ಡ್ ತಾನೇ ಕಟ್ಟಿಸಿದ ಕಾನ್ವಿಯಲ್ಲಿ ಚಳಿಗಾಲದಲ್ಲಿ ಸಿಕ್ಕಿಹಾಕಿಕೊಂಡ. ದಿನಸಿ ಖಾಲಿಯಾಗುತ್ತಾ ಬಂತು. ಆದರೂ ಗೋಡೆ ಬೀಳಲಿಲ್ಲ, ಹಡಗು ಬಂತು, ಅವನು ಬದುಕಿಕೊಂಡ. ಅಂದರೆ ಒಂದು ಸಲ ಕೆಲಸಕ್ಕೆ ಬಂತು.

ಇನ್ನೊಂದು ಸಲ ಬರಲಿಲ್ಲ. ಆ ಕಥೆ ಚೆನ್ನಾಗಿದೆ. 1401, ಏಪ್ರಿಲ್ 1, ಶುಭ ಶುಕ್ರವಾರ. ಕಾವಲಿನ ಸೈನಿಕರೆಲ್ಲ ಪ್ರಾರ್ಥನೆಗೆ ಅಂತ ಊರಿನ ಚರ್ಚಿಗೆ ಹೋಗಿದ್ದಾರೆ. ಕೋಟೆಯಲ್ಲಿ ಉಳಿದವರು ಇಬ್ಬರು ಪಹರೆಯವರು. ದಿನಾ ಕೆಲಸಕ್ಕೆ ಬರುವ ಬಡಗಿಯ ವೇಷದಲ್ಲಿ ಒಬ್ಬ ಬಂದ. ಬಾಗಿಲು ತೆಗೆದರು. ಪಹರೆಯವರಿಬ್ಬರೂ ಸತ್ತರು. ಹಿಂದೆಯೇ ಸುಮಾರು ನಲವತ್ತು ಜನ ನುಗ್ಗಿದರು. ಮುಂದಾಳುಗಳು ರೀಸ್ ಮತ್ತು ಗ್ವಿಲಿಮ್ ಎಂಬ ಅಣ್ಣತಮ್ಮಂದಿರು. ಓವೈನ್ ಗ್ಲಿನ್‌ಡೂರ್ ನಡೆಸುತ್ತಿದ್ದ ದೊಡ್ಡ ದಂಗೆಯ ಪಕ್ಷದವರು. ಅಷ್ಟು ದುಡ್ಡು ಸುರಿದ ಕೋಟೆ ಒಬ್ಬ ಬಡಗಿಗೆ ಬಿತ್ತು. ಕೆಲವು ತಿಂಗಳು ಹಿಡಿದಿಟ್ಟುಕೊಂಡು, ಆಮೇಲೆ ಸಂಧಿ ಮಾಡಿಕೊಂಡರು. ಸಂಧಿಯಲ್ಲೊಂದು ಕೆಟ್ಟ ಷರತ್ತಿತ್ತು. ತಮ್ಮದೇ ಜೊತೆಗಾರರಲ್ಲಿ ಒಂಬತ್ತು ಜನರನ್ನು ಒಪ್ಪಿಸಬೇಕು. ಒಪ್ಪಿಸಿದರು, ಅವರನ್ನು ಕೊಂದರು. ವೀರರ ಕಥೆ ಹೇಳುವಾಗ ಈ ಒಂಬತ್ತು ಜನರನ್ನು ಬಿಟ್ಟುಬಿಡುವವರೇ ಜಾಸ್ತಿ. ಆ ಅಣ್ಣತಮ್ಮಂದಿರ ಮನೆತನದ ಹೆಸರು ಟ್ಯೂಡರ್. ಅದೇ ಮನೆತನದ ಇನ್ನೊಂದು ಕವಲಿನವನು 1485ರಲ್ಲಿ ಏಳನೇ ಹೆನ್ರಿ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಸಿಂಹಾಸನ ಏರಿದ.

ಕಾನ್ವಿಯ ದಕ್ಕೆಯ ಮೇಲೆ ಕೆಂಪು ಬಣ್ಣದ ಒಂದು ಪುಟಾಣಿ ಮನೆ ಇದೆ. ಗ್ರೇಟ್ ಬ್ರಿಟನ್ನಿನಲ್ಲೇ ಚಿಕ್ಕ ಮನೆಯಂತೆ. ಅಗಲ ಎರಡು ಮೀಟರಿಗೂ ಕಡಿಮೆ. 1900ರವರೆಗೆ ಅಲ್ಲಿ ಇದ್ದವನು ಆರಡಿ ಮೂರಂಗುಲ ಎತ್ತರದ ಮೀನುಗಾರ! ಹೋದರೆ ಅದನ್ನೂ ನೋಡಿ ಬನ್ನಿ, ಐದು ನಿಮಿಷ ಸಾಕು.

ಮಾಡೋಗ್ ದಂಗೆ ಆದಮೇಲೆ ಎಡ್ವರ್ಡ್‌ಗೆ ಇನ್ನೂ ಹೆದರಿಕೆ. 1295ರಲ್ಲಿ ಆಂಗಲ್‌ಸೀ ದ್ವೀಪದಲ್ಲಿ ಬೊಮಾರಿಸ್ ಕೋಟೆ ಶುರು ಮಾಡಿಸಿದ. ಅಲ್ಲೇ ಪಕ್ಕದಲ್ಲಿ ಲಾನ್‌ವೈಸ್ ಎಂಬ ಚೆನ್ನಾಗಿ ವ್ಯಾಪಾರ ನಡೆಯುತ್ತಿದ್ದ ವೆಲ್ಷ್ ಊರಿತ್ತು. ಅಲ್ಲಿನ ಜನರನ್ನು ದ್ವೀಪದ ಇನ್ನೊಂದು ಬದಿಗೆ ಸಾಗಿಸಿದರು. ಅವರಿಗಾಗಿ ಮಾಡಿದ ಊರಿಗೆ ಇವತ್ತಿಗೂ ನ್ಯೂಬರೋ, ಅಂದರೆ ಹೊಸಪಟ್ಟಣ, ಅಂತಲೇ ಹೆಸರು.

ಬೊಮಾರಿಸ್ ನಕ್ಷೆ ನೋಡಿದರೆ ಕಣ್ಣಿಗೆ ಹಬ್ಬ. ಸಮತಟ್ಟಾದ ಜೌಗು ನೆಲ, ಅಡ್ಡಿ ಮಾಡಲು ಬಂಡೆ ಇಲ್ಲ, ಬೆಟ್ಟ ಇಲ್ಲ. ಹಾಗಾಗಿ ಮೇಸ್ತ್ರಿ ತನಗೆ ಬೇಕಾದ ಹಾಗೆ ಗೆರೆ ಎಳೆದ. ಕಂದಕದ ಒಳಗೆ ಒಂದು ಗೋಡೆ, ಅದರೊಳಗೆ ಇನ್ನೂ ಎತ್ತರದ ಇನ್ನೊಂದು ಗೋಡೆ. ಎಡ ಬಲ ಒಂದೇ ಅಳತೆ. ಹೊರಗಿನ ಬಾಗಿಲು ಒಡೆದು ಬಂದವನಿಗೆ ಒಳಬಾಗಿಲು ನೇರಕ್ಕೆ ಸಿಗುವುದಿಲ್ಲ. ಅವನು ತಿರುಗಬೇಕು, ತಿರುಗುವಷ್ಟರಲ್ಲಿ ಮೇಲಿಂದ ಬಾಣ.

ಈ ಕೋಟೆಯ ವಿಷಯದಲ್ಲಿ ಒಂದು ಕಾಗದ ಉಳಿದಿದೆ. ಮಾಸ್ಟರ್ ಜೇಮ್ಸ್ ಮತ್ತು ಲೆಕ್ಕ ನೋಡಿಕೊಳ್ಳುತ್ತಿದ್ದ ವಾಲ್ಟರ್ ಇಬ್ಬರೂ 1296ರ ಫೆಬ್ರವರಿ 27ರಂದು ರಾಜನ ಖಜಾನೆಗೆ ಬರೆದದ್ದು. ಮನೆ ಕಟ್ಟಿಸಿದವರಿಗೆ ಈ ಕಾಗದ ಚೆನ್ನಾಗಿ ಅರ್ಥವಾಗುತ್ತದೆ, ಮೇಸ್ತ್ರಿ ಶನಿವಾರ ಸಂಜೆ ಬಂದು ನಿಂತ ಹಾಗೇ ಇದೆ. ಒಂದು ವಾರದಲ್ಲಿ ಇಷ್ಟೊಂದು ದುಡ್ಡು ಎಲ್ಲಿ ಹೋಯಿತು ಅಂತ ನಿಮಗೆ ಅನ್ನಿಸಬಹುದು ಅನ್ನುತ್ತಾರೆ. ಆಮೇಲೆ ಲೆಕ್ಕ ಕೊಡುತ್ತಾರೆ. 400 ಕಲ್ಲುಕೆಲಸದವರು, 2,000 ಕೂಲಿಗಳು, ಕ್ವಾರಿಯಲ್ಲಿ 200 ಜನ, 30 ಕಮ್ಮಾರರು, 100 ಗಾಡಿ, ಇನ್ನೂ 60 ದೊಡ್ಡ ಗಾಡಿ, ಕಲ್ಲು ಮತ್ತು ಕಲ್ಲಿದ್ದಲು ತರಲು 30 ದೋಣಿ. ಬಟವಾಡೆ ಬಾಕಿ ಬಿದ್ದಿದೆ, ಜನರ ಹತ್ತಿರ ತಿನ್ನಲು ಏನೂ ಇಲ್ಲ, ಅವರನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿದೆ ಅಂತಲೂ ಇದೆ. ಕೊನೆಗೆ, ದೇವರಾಣೆ ಬೇಗ ದುಡ್ಡು ಕಳಿಸಿ, ಇಲ್ಲದಿದ್ದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ ಅಂತ ಅಂಗಲಾಚುತ್ತಾರೆ.

ದುಡ್ಡು ಸರಿಯಾಗಿ ಬರಲಿಲ್ಲ. ಎಡ್ವರ್ಡ್‌ನ ಗಮನ ಸ್ಕಾಟ್ಲೆಂಡಿನ ಯುದ್ಧದ ಕಡೆ ಹೋಯಿತು. ಬೊಮಾರಿಸ್ ಯಾವತ್ತೂ ಪೂರ್ತಿಯಾಗಲಿಲ್ಲ. ಬುರುಜುಗಳು ಅಂದುಕೊಂಡ ಎತ್ತರಕ್ಕೆ ಏರಲೇ ಇಲ್ಲ. ಹೊರಗಿಂದ ನೋಡಿದರೆ ಕೋಟೆ ಯಾಕೋ ಗಿಡ್ಡ ಅನ್ನಿಸುತ್ತದೆ. ಕಾರಣ ಇದೇ. ಆದರೂ ನಾಲ್ಕರಲ್ಲಿ ನನಗೆ ಮೆಚ್ಚು ಇದೇ.

ಹಾರ್ಲೆಕ್ ಬಗ್ಗೆ ಎರಡು ಮಾತು. ಬಂಡೆಯ ನೆತ್ತಿಯ ಮೇಲಿದೆ. ಕಟ್ಟಿದಾಗ ಸಮುದ್ರದ ನೀರು ಬಂಡೆಯ ಬುಡದವರೆಗೂ ಬರುತ್ತಿತ್ತು. ಈಗ ಸಮುದ್ರ ದೂರ ಸರಿದು, ಮಧ್ಯೆ ಮರಳುದಿಬ್ಬ, ಹುಲ್ಲುಗಾವಲು ಬಂದಿವೆ. ದೋಣಿಯಿಂದ ಇಳಿದು ಕೋಟೆಗೆ ಹತ್ತುತ್ತಿದ್ದ ಮೆಟ್ಟಿಲು ಮಾತ್ರ ಹಾಗೇ ಇವೆ. ಕಡಲಂಚಿನ ರೈಲಿನಲ್ಲಿ ಹೋಗುವ ಆ ದಾರಿಯೇ ಒಂದು ಪ್ರವಾಸ.

ಕರ್ನಾರ್ವನ್ ಬೇರೆ ಥರ. ಇಲ್ಲಿ ಹೆದರಿಕೆಯ ಜೊತೆಗೆ ಜಂಭವೂ ಇದೆ. ಬುರುಜುಗಳು ದುಂಡಗಿಲ್ಲ, ಮೂಲೆ ಮೂಲೆಯಾಗಿವೆ. ಗೋಡೆಯಲ್ಲಿ ಬೇರೆ ಬೇರೆ ಬಣ್ಣದ ಕಲ್ಲಿನ ಪಟ್ಟೆ. ಕಾನ್‌ಸ್ಟಾಂಟಿನೋಪಲ್ ನಗರದ ಗೋಡೆಯ ಮಾದರಿ ಅಂತ ಹೇಳುತ್ತಾರೆ. ಊರಿನ ಪಕ್ಕದಲ್ಲೇ ಹಳೆಯ ರೋಮನ್ ಕೋಟೆಯ ಪಾಯ ಇದೆ. ನಾನೂ ರೋಮನ್ ಚಕ್ರವರ್ತಿಯ ಸಾಲಿನವನೇ ಅಂತ ತೋರಿಸಿಕೊಳ್ಳುವ ಆಸೆ ಎಡ್ವರ್ಡ್‌ಗೆ. ಹೆಬ್ಬಾಗಿಲಿನ ಯೋಜನೆಯಲ್ಲಿ ಒಂದರ ಹಿಂದೆ ಒಂದು ಐದು ಬಾಗಿಲು, ಮೇಲಿಂದ ಇಳಿಬಿಡುವ ಆರು ಜಾಲರಿ ಬಾಗಿಲು ಇದ್ದವು. ಅದೂ ಪೂರ್ತಿಯಾಗಲಿಲ್ಲ. ಕೆಲಸ ನಡೆಯುತ್ತಿದ್ದಾಗಲೇ, 1294ರಲ್ಲಿ, ಮಾಡೋಗ್‌ನ ಜನ ಊರಿನ ಗೋಡೆ ದಾಟಿ ಕೋಟೆಗೆ ನುಗ್ಗಿದ್ದರು.

1284ರಲ್ಲಿ ಎಡ್ವರ್ಡ್‌ನ ಮಗ ಇಲ್ಲೇ ಹುಟ್ಟಿದ. ಮುಂದೆ ಅವನಿಗೆ 'ಪ್ರಿನ್ಸ್ ಆಫ್ ವೇಲ್ಸ್' ಎಂಬ ಬಿರುದು ಕೊಟ್ಟರು. ಇಂಗ್ಲೆಂಡಿನ ಯುವರಾಜರಿಗೆ ಆ ಬಿರುದು ಬರುವುದು ಅಲ್ಲಿಂದ. ಈಗಿನ ದೊರೆ ಚಾರ್ಲ್ಸ್‌ಗೆ 1969ರ ಜುಲೈ 1ರಂದು ಇದೇ ಕೋಟೆಯ ಅಂಗಳದಲ್ಲಿ ಆ ಬಿರುದಿನ, ಅಂದರೆ ಯುವರಾಜನ, ಕಿರೀಟ ತೊಡಿಸಿದರು. ಎಲ್ಲರಿಗೂ ಅದು ಸಂತೋಷದ ದಿನವಾಗಿರಲಿಲ್ಲ. ಹಿಂದಿನ ರಾತ್ರಿ ಅಬರ್ಗೆಲೆ ಎಂಬ ಊರಿನಲ್ಲಿ, ಒಯ್ಯುತ್ತಿದ್ದ ಬಾಂಬು ಸಿಡಿದು ಇಬ್ಬರು ಸತ್ತಿದ್ದರು. ಅವರೂ ವೆಲ್ಷ್ ಜನ. ಇದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. ಇತಿಹಾಸದ ಪುಸ್ತಕಗಳಲ್ಲಿ ಈ ಕೋಟೆಗಳ ಸಾಲಿಗೆ 'ಕಬ್ಬಿಣದ ಬಳೆ' ಎಂಬ ಹೆಸರಿದೆ. 2017ರಲ್ಲಿ ಫ್ಲಿಂಟ್ ಕೋಟೆಯ ಹತ್ತಿರ ಒಂದು ದೊಡ್ಡ ಲೋಹದ ಬಳೆಯ ಶಿಲ್ಪ ನಿಲ್ಲಿಸುವ ಯೋಜನೆ ಬಂತು. ನಮ್ಮ ಸೋಲಿಗೆ ನಮ್ಮ ದುಡ್ಡಿನಲ್ಲೇ ಸ್ಮಾರಕವೇ ಅಂತ ಜನ ಸಿಟ್ಟಾದರು. ಹತ್ತು ಸಾವಿರಕ್ಕೂ ಹೆಚ್ಚು ಸಹಿ ಬಿದ್ದವು. ಯೋಜನೆ ಕೈಬಿಟ್ಟರು.

ಇಷ್ಟೆಲ್ಲ ಆದಮೇಲೆ ಕರ್ನಾರ್ವನ್‌ನ ಸಂತೆ ಮೈದಾನದಲ್ಲಿ ಕೂತು ಒಂದು ಕಾಫಿ ಕುಡಿಯಿರಿ. ಪಕ್ಕದ ಮೇಜಿನವರು ಏನು ಮಾತಾಡುತ್ತಿದ್ದಾರೆ ಕೇಳಿ. ವೆಲ್ಷ್! ಅಂಗಡಿಯಲ್ಲಿ ವೆಲ್ಷ್, ಬಸ್ಸಿನಲ್ಲಿ ವೆಲ್ಷ್, ಶಾಲೆಯ ಮಕ್ಕಳ ಜಗಳವೂ ವೆಲ್ಷ್. ಆ ಊರಿನಲ್ಲಿ ಹತ್ತರಲ್ಲಿ ಎಂಟು ಜನರ ಆಸುಪಾಸು ಆ ಭಾಷೆ ಮಾತಾಡುತ್ತಾರೆ. ಯಾರನ್ನು ಹೊರಗಿಡಲು ಗೋಡೆ ಕಟ್ಟಿದರೋ ಅವರ ಮಾತೇ ಈಗ ಗೋಡೆಯೊಳಗೆ. ಕನ್ನಡದವಳಾದ ನನಗೆ ಕೋಟೆಗಿಂತ ಆ ಅರ್ಧ ಗಂಟೆಯೇ ಹೆಚ್ಚು ಸಂತೋಷ ಕೊಟ್ಟಿತು ಅಂತ ಹೇಳಿಬಿಡುತ್ತೇನೆ.

ಇನ್ನು ಪೋವಿಸ್. ಇದು ವೇಲ್ಸ್‌ನ ಪೂರ್ವದ ಗಡಿಯಲ್ಲಿ, ವೆಲ್ಷ್‌ಪೂಲ್ ಎಂಬ ಊರಿನ ಪಕ್ಕ. ಕೆಂಪು ಕಲ್ಲಿನ ಕೋಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ತೋಟದಲ್ಲಿ ನವಿಲುಗಳು. ಇದು ಯಾರಿಗೆ ಹೆದರಿ ಕಟ್ಟಿದ್ದು? ಇಲ್ಲಿ ಉತ್ತರ ತಿರುವುಮುರುವು. ಕಟ್ಟಿಸಿದವನು ವೆಲ್ಷ್ ಒಡೆಯ, ಗ್ರಿಫಿದ್. ಅವನು ಹೆದರಿದ್ದು ಇನ್ನೊಬ್ಬ ವೆಲ್ಷ್ ದೊರೆಗೆ, ನಾನು ಮೊದಲು ಹೇಳಿದ ಲಿವೆಲಿನ್‌ಗೆ. ಅದಕ್ಕೇ ಎಡ್ವರ್ಡ್ ಪಕ್ಷ ಸೇರಿದ. ನಮ್ಮ ಪಾಳೆಯಗಾರರ ಕಥೆ ಕೇಳಿದವರಿಗೆ ಇದು ಹೊಸದಲ್ಲ.

ಪೋವಿಸ್‌ಗೆ ನಾನು ಹೋಗಿದ್ದು ಬೇರೆ ಕಾರಣಕ್ಕೆ. 1784ರಲ್ಲಿ ಈ ಮನೆತನದ ಹೆನ್ರಿಯೆಟ್ಟಾಳನ್ನು ಎಡ್ವರ್ಡ್ ಕ್ಲೈವ್ ಮದುವೆಯಾದ. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವ್‌ನ ಮಗ. 1798ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಲೂಟಿಯಾದ ವಸ್ತುಗಳು ಎಲ್ಲೆಲ್ಲಿಗೋ ಹೋದವು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿದರು. ಅದರ ದೊಡ್ಡ ಹುಲಿಮುಖ ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಪಾಲಾಯಿತು. ಸಿಂಹಾಸನದ ಕಟಕಟೆಯ ಮೇಲಿದ್ದ ಪುಟ್ಟ ಚಿನ್ನದ ಹುಲಿಮುಖಗಳಲ್ಲಿ ಒಂದು ಪೋವಿಸ್‌ಗೆ ಬಂತು. ಟಿಪ್ಪುವಿನ ಡೇರೆಯೂ ಇಲ್ಲಿಗೆ ಬಂತು. ಹೂಬಳ್ಳಿಯ ಚಿತ್ತಾರದ ಹತ್ತಿ ಬಟ್ಟೆ, ಬಣ್ಣ ಇನ್ನೂ ಮಾಸಿಲ್ಲ. ಒಂದು ಕಾಲದಲ್ಲಿ ಇದನ್ನು ತೋಟದ ಪಾರ್ಟಿಗಳಿಗೆ ಶಾಮಿಯಾನದ ಹಾಗೆ ಹಾಕುತ್ತಿದ್ದರಂತೆ. ಮೈಸೂರಿನ ದೊರೆಯ ಡೇರೆಯ ಕೆಳಗೆ ಚಹಾ ಕುಡಿಯುವ ಅತಿಥಿಗಳು!

ಹೆನ್ರಿಯೆಟ್ಟಾ 1800ರ ಮಾರ್ಚಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ನಮ್ಮ ಕಡೆ ಹೊರಟಳು. ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ನೋಡಿದರು. ಕಿರಿಯ ಮಗಳು ಷಾರ್ಲಟ್‌ಗೆ ಆಗ ಹನ್ನೆರಡು ವರ್ಷ. ಆ ಹುಡುಗಿ ದಾರಿಯುದ್ದಕ್ಕೂ ದಿನಚರಿ ಬರೆದಳು. ಮುಂದೆ ಅವಳೇ ವಿಕ್ಟೋರಿಯಾ ರಾಣಿಗೆ ಬಾಲ್ಯದಲ್ಲಿ ಗವರ್ನೆಸ್ ಆದವಳು. ಕುಂಡದಲ್ಲಿ ಬೆಳೆಸುವ, ಕಿತ್ತಳೆ ಬಣ್ಣದ ಹೂವಿನ ಕ್ಲೈವಿಯಾ ಗಿಡಕ್ಕೆ ಆ ಹೆಸರು ಬಂದದ್ದೂ ಅವಳಿಂದಲೇ. ಯುದ್ಧ ಮುಗಿದು ಹೆಚ್ಚು ಕಾಲ ಆಗದ ಊರನ್ನು ಆ ಮಗು ಪ್ರವಾಸಿಯಾಗಿ ನೋಡಿತು. ಪೋವಿಸ್‌ನ ಗಾಜಿನ ಪೆಟ್ಟಿಗೆಗಳ ಮುಂದೆ ನಾನೂ ಪ್ರವಾಸಿ. ಅವಳು ಅಲ್ಲಿಂದ ಇಲ್ಲಿಗೆ, ನಾನು ಇಲ್ಲಿಂದ ಅಲ್ಲಿಗೆ. ನಾನು ಮಾತ್ರ ಟಿಕೆಟ್ ತೆಗೆದುಕೊಂಡು ಹೋಗಿದ್ದೆ.

ಇಷ್ಟು ಹೇಳಿ ಕೂತೆ. ಆಮೇಲೆ ಪ್ರಶ್ನೆಗಳು ಬಂದವು.

ಟಿಪ್ಪುವಿನ ಆ ವಸ್ತುಗಳು ವಾಪಸ್ ಬರಬಾರದೇ ಅಂತ ಒಬ್ಬರು ಕೇಳಿದರು. ಬರಬೇಕು ಅಂತಲೇ ನನ್ನ ಅಭಿಪ್ರಾಯ. ಪೋವಿಸ್ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ 2020ರಲ್ಲಿ ತನ್ನ ಯಾವ ಯಾವ ಮನೆ, ಕೋಟೆಗಳಿಗೆ ವಸಾಹತು, ಗುಲಾಮಗಿರಿಯ ನಂಟಿದೆ ಅಂತ ವರದಿ ಮಾಡಿತು. 93 ಜಾಗಗಳ ಹೆಸರಿದೆ, ಪೋವಿಸ್ ಕೂಡ. ವಾಪಸ್ ಕೊಡುವುದು ಬೇರೆ ಮಾತು, ಅದು ಸುಲಭಕ್ಕೆ ಆಗುವುದಿಲ್ಲ. ಆ ಡೇರೆಯನ್ನು ಒಂದು ವರ್ಷದ ಮಟ್ಟಿಗಾದರೂ ಮೈಸೂರಿನಲ್ಲಿ ತೋರಿಸುವಂತಾದರೆ ನಾನು ಸಾಲಿನಲ್ಲಿ ಮೊದಲು ನಿಲ್ಲುತ್ತೇನೆ.

ಹಿರಿಯರೊಬ್ಬರು, "ಮಂಡಿ ನೋವಿದೆ ತಾಯಿ, ನಮ್ಮಂಥವರು ಹೋಗಬಹುದಾ?" ಅಂದರು. ಕಾನ್ವಿ, ಹಾರ್ಲೆಕ್‌ನಲ್ಲಿ ಕಡಿದಾದ ಸುರುಳಿ ಮೆಟ್ಟಿಲು, ಹಿಡಿದುಕೊಳ್ಳಲು ಹಗ್ಗ. ಕಷ್ಟ ಆಗುತ್ತದೆ. ಬೊಮಾರಿಸ್‌ಗೆ ಹೋಗಿ ಸರ್. ಸಮತಟ್ಟು ನೆಲ, ಅಂಗಳದಲ್ಲೇ ಓಡಾಡಿ ಬಹಳಷ್ಟು ನೋಡಬಹುದು. ಬ್ಯಾಂಗರ್ ಎಂಬ ಊರಿನವರೆಗೆ ರೈಲು, ಅಲ್ಲಿಂದ ಬಸ್ಸು.

ಯೂರೋಪ್ ಪ್ರವಾಸದ ಷೆಂಗೆನ್ ವೀಸಾದಲ್ಲೇ ಇದನ್ನೂ ಸೇರಿಸಬಹುದಾ ಅಂತ ಇನ್ನೊಬ್ಬರು. ಇಲ್ಲ. ಬ್ರಿಟನ್ನಿಗೆ ಬೇರೆಯೇ ವೀಸಾ. ಅದಕ್ಕೆ ಮುಂಚೆಯೇ ಅರ್ಜಿ ಹಾಕಿ.

ಒಂದೇ ದಿನ ಇದ್ದರೆ ಎಲ್ಲಿಗೆ ಹೋಗಬೇಕು, ಮಳೆ ಬಂದರೆ ಏನು ಮಾಡೋದು ಅಂತ ಕೊನೆಗೆ ಕೇಳಿದರು. ಒಂದೇ ದಿನ ಅಂದರೆ ಕಾನ್ವಿ. ಹಿಂದಿನ ಸಂಜೆಯೇ ಹೋಗಿ ಉಳಿದುಕೊಳ್ಳಿ, ಬೆಳಿಗ್ಗೆ ಜನ ಬರುವ ಮೊದಲು ಊರಿನ ಗೋಡೆ ಸುತ್ತಿ ಮುಗಿಸಿ, ಕೋಟೆ ತೆರೆದ ಕೂಡಲೇ ಒಳಗೆ ಹೋಗಿ. ಮಳೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಕೋಟೆಗೆ ಚಾವಣಿಯೂ ಇಲ್ಲ. ಛತ್ರಿ ಮಾತ್ರ ಒಯ್ಯಬೇಡಿ, ಗೋಡೆಯ ಮೇಲಿನ ಗಾಳಿಗೆ ಅದು ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಜಾಕೆಟ್, ಜಾರದ ಬೂಟು, ಇಷ್ಟು ಸಾಕು.